ಅಲ್ಪಬೆಲೆಯ ಸೌಂದರ್ಯ ಸಾಧನಗಳು: ಅಂಗಡಿಯ ಲೆಕ್ಕ ಮತ್ತು ಮನೆಯ ಆರೈಕೆ

"ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ" ಎಂಬ ಗಾದೆಯು ಚಿಲ್ಲರೆ ವ್ಯಾಪಾರಕ್ಕೆ, ಅದರಲ್ಲಿಯೂ ಬಳೆ ಅಂಗಡಿ ಹಾಗೂ ಫ್ಯಾನ್ಸಿ ಸ್ಟೋರುಗಳ ವಹಿವಾಟಿಗೆ ಅಕ್ಷರಶಃ ಅನ್ವಯಿಸುತ್ತದೆ. ರಾಜ್ಯದ ಯಾವುದೇ ತಾಲ್ಲೂಕು ಕೇಂದ್ರದ ಪೇಟೆಬೀದಿಯಲ್ಲಿ ಇಂತಹ ನಾಲ್ಕಾರು ಅಂಗಡಿಗಳಾದರೂ ಕಾಣಸಿಗುತ್ತವೆ. ಬಳೆ, ಬಿಂದಿ, ಕುಂಕುಮ, ಪಿನ್ನು, ರಿಬ್ಬನ್ನುಗಳ ಜೊತೆಯಲ್ಲಿ ಗಾಜಿನ ಕಪಾಟಿನ ಒಂದು ಸಾಲನ್ನು ನೇಲ್ ಪಾಲಿಶ್, ಲಿಪ್‌ಸ್ಟಿಕ್, ಕಾಡಿಗೆ, ಪೌಡರು ಹಾಗೂ ಕ್ರೀಮುಗಳು ಆಕ್ರಮಿಸಿಕೊಂಡಿರುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಔಷಧಿ ಅಂಗಡಿಯೇ ಅಗ್ಗದ ಸೌಂದರ್ಯ ಸಾಧನಗಳ ಮುಖ್ಯ ಮಾರಾಟ ಕೇಂದ್ರ. ನಮ್ಮಲ್ಲಿ ಈ ಪಾತ್ರವನ್ನು ಫ್ಯಾನ್ಸಿ ಸ್ಟೋರು, ಮೆಡಿಕಲ್ ಸ್ಟೋರು ಮತ್ತು ಕಿರಾಣಿ ಅಂಗಡಿಗಳು ಹಂಚಿಕೊಂಡಿವೆ.

ಗ್ರಾಹಕರ ದೃಷ್ಟಿಯಲ್ಲಿ ಇದು ಕೆಲವೇ ರೂಪಾಯಿಗಳ ಖರೀದಿ. ಆದರೆ ವರ್ತಕರ ದೃಷ್ಟಿಯಲ್ಲಿ ಇದು ಮೇಲ್ನೋಟಕ್ಕೆ ಹೆಚ್ಚಿನ ಲಾಭಾಂಶವುಳ್ಳ, ಒಳಹೊಕ್ಕು ನೋಡಿದರೆ ಅಷ್ಟೇ ಅಪಾಯವುಳ್ಳ ಸರಕು. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಾಗ, ಕಪಾಟಿನ ಹಿಂಬದಿಯಲ್ಲಿ ಗಟ್ಟಿಯಾಗಿ ಉಳಿದ ಬಾಟಲಿಗಳೇ ಇಡೀ ಸಾಲಿನ ಲಾಭವನ್ನು ನುಂಗಿರುವುದು ಅನೇಕರ ಗಮನಕ್ಕೆ ಬರುವುದೇ ಇಲ್ಲ. ಈ ಹಿನ್ನೆಲೆಯಲ್ಲಿ ಅಲ್ಪಬೆಲೆಯ ಸೌಂದರ್ಯ ಸಾಧನಗಳ ವಹಿವಾಟನ್ನು, ಮುಖ್ಯವಾಗಿ ಉಗುರಿನ ಆರೈಕೆಯ ಸಾಮಗ್ರಿಗಳನ್ನು ಉದಾಹರಣೆಯಾಗಿಟ್ಟುಕೊಂಡು, ಪರಿಶೀಲಿಸುವುದು ಉಪಯುಕ್ತವಾಗಿದೆ.

ಹಿನ್ನೆಲೆ

ಉಗುರಿಗೆ ಬಣ್ಣ ಹಚ್ಚುವುದು ನಮಗೆ ಹೊಸತಲ್ಲ. ಅಂಗಳದ ಗೋರಂಟಿ ಗಿಡದ ಎಲೆಯನ್ನು ಅರೆದು, ಬೆರಳ ತುದಿಗೆ ಮೆತ್ತಿ, ಬೆಳಗಾಗುವವರೆಗೆ ಕಾಯುವ ಪದ್ಧತಿ ಹಬ್ಬ ಮದುವೆಗಳಲ್ಲಿ ಇಂದಿಗೂ ಉಳಿದಿದೆ. ಬಾಟಲಿಯಲ್ಲಿ ದೊರೆಯುವ ಉಗುರುಬಣ್ಣ ಮಾತ್ರ ಇಪ್ಪತ್ತನೆಯ ಶತಮಾನದ ಉದ್ಯಮದ ಕೊಡುಗೆ. ಅಮೆರಿಕದ ಕ್ಯೂಟೆಕ್ಸ್ ಸಂಸ್ಥೆಯು 1910ರ ದಶಕದಲ್ಲಿ ಉಗುರಿನ ಆರೈಕೆಯ ದ್ರವಗಳನ್ನು ಮಾರುಕಟ್ಟೆಗೆ ತಂದಿತು. 1932ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆಯೇ, ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ರೆವ್ಸನ್, ಜೋಸೆಫ್ ರೆವ್ಸನ್ ಸಹೋದರರು ಹಾಗೂ ಚಾರ್ಲ್ಸ್ ಲಾಕ್‌ಮನ್ ಸೇರಿ ರೆವ್ಲಾನ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಬಳಿ ಇದ್ದ ಸರಕು ಒಂದೇ: ನೇಲ್ ಪಾಲಿಶ್. ಪಾರದರ್ಶಕ ಬಣ್ಣದ ಬದಲಿಗೆ ಉಗುರನ್ನು ಪೂರ್ಣವಾಗಿ ಮುಚ್ಚುವ ದಟ್ಟ ವರ್ಣದ್ರವ್ಯವನ್ನು ಬಳಸಿದ್ದೇ ಅವರ ಯಶಸ್ಸಿನ ಗುಟ್ಟು. ಅದೇ ದಶಕದಲ್ಲಿ ಮೇಬೆಲಿನ್ ಸಂಸ್ಥೆಯು ಕಣ್ಣಿನ ಅಲಂಕಾರದ ಸಾಮಗ್ರಿಯನ್ನು ಹತ್ತು ಸೆಂಟಿನ ಪುಟ್ಟ ಪೊಟ್ಟಣದಲ್ಲಿ ಮಾರಿ ಸಾಮಾನ್ಯ ವರ್ಗದ ಮಹಿಳೆಯರನ್ನು ತಲುಪಿತು. ಜನರ ಕೈಯಲ್ಲಿ ಹಣ ಕಡಿಮೆಯಿದ್ದ ಕಾಲದಲ್ಲಿ ಚಿಕ್ಕ ಪೊಟ್ಟಣವೇ ದೊಡ್ಡ ಮಾರುಕಟ್ಟೆಯನ್ನು ಸೃಷ್ಟಿಸಿತು ಎಂಬುದು ಇಲ್ಲಿ ಗಮನಾರ್ಹ.

ಭಾರತದಲ್ಲಿ ಲ್ಯಾಕ್ಮೆ 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಕಂಪನಿಯ ಅಂಗಸಂಸ್ಥೆಯಾಗಿ ಆರಂಭವಾಯಿತು. ಆಮದು ಸೌಂದರ್ಯವರ್ಧಕಗಳಿಗಾಗಿ ವಿದೇಶಿ ವಿನಿಮಯ ವ್ಯಯವಾಗುತ್ತಿದ್ದ ಕಾಲವದು. 1961ರಲ್ಲಿ ಆಡಳಿತ ಮಂಡಳಿಯನ್ನು ಸೇರಿದ ಸಿಮೋನ್ ಟಾಟಾ ಅವರು 1982ರಲ್ಲಿ ಅಧ್ಯಕ್ಷರಾಗಿ ಸಂಸ್ಥೆಯನ್ನು ಬೆಳೆಸಿದರು. 1998ರಲ್ಲಿ ಟಾಟಾ ಸಮೂಹವು ತನ್ನ ಪಾಲನ್ನು ಹಿಂದೂಸ್ತಾನ್ ಲಿವರ್‌ಗೆ 200 ಕೋಟಿ ರೂಪಾಯಿಗೆ ಮಾರಾಟ ಮಾಡಿ, ಟ್ರೆಂಟ್ ಮೂಲಕ ಚಿಲ್ಲರೆ ಮಾರಾಟ ಕ್ಷೇತ್ರವನ್ನು ಪ್ರವೇಶಿಸಿತು. ಇನ್ನೊಂದೆಡೆ, 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಅವರು ಕೇವಲ 15,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಚಿಕ್ ಶಾಂಪೂ, ಸ್ಯಾಶೆಯ ಮೂಲಕ ಹಳ್ಳಿಹಳ್ಳಿಯ ಅಂಗಡಿಯನ್ನು ತಲುಪಿತು. ಕರ್ನಾಟಕಕ್ಕೂ ಈ ಕ್ಷೇತ್ರದಲ್ಲಿ ತನ್ನದೇ ಆದ ಪರಂಪರೆಯಿದೆ. 1916ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಆರಂಭಿಸಿದ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಅಂಗಡಿಯ ಮುಂಸಾಲಿನಲ್ಲಿದೆ.

ಆರ್ಥಿಕ ಹಿಂಜರಿತದ ಕಾಲದಲ್ಲಿ ದೊಡ್ಡ ಖರೀದಿಯನ್ನು ಮುಂದೂಡುವ ಗ್ರಾಹಕರು ಚಿಕ್ಕ ಸಂತೋಷಗಳನ್ನು ಕೈಬಿಡುವುದಿಲ್ಲ ಎಂಬ ಅಭಿಪ್ರಾಯವೊಂದಿದೆ. ಎಸ್ಟೀ ಲಾಡರ್ ಸಂಸ್ಥೆಯ ಲಿಯೋನಾರ್ಡ್ ಲಾಡರ್ ಅವರು 2001ರ ಹಿಂಜರಿತದ ಸಂದರ್ಭದಲ್ಲಿ ಇದನ್ನು ಲಿಪ್‌ಸ್ಟಿಕ್ ಸೂಚ್ಯಂಕವೆಂದು ಕರೆದರು. ಆದರೆ ಇದನ್ನು ಸಿದ್ಧಾಂತವೆಂದು ನಂಬಿ ದಾಸ್ತಾನು ಏರಿಸುವುದು ವಿವೇಕವಲ್ಲ. 2020ರ ಕೋವಿಡ್ ಕಾಲದಲ್ಲಿ ಮುಖಗವಸು ಧರಿಸಿದ ಜನರಿಗೆ ಲಿಪ್‌ಸ್ಟಿಕ್ ಬೇಡವಾಯಿತು. ಬೇಡಿಕೆಯ ಸ್ವರೂಪ ಬದಲಾದಾಗ ಸೂಚ್ಯಂಕ ವರ್ತಕನ ಕೈಹಿಡಿಯುವುದಿಲ್ಲ.

ಗ್ರಾಹಕರಿಗೆ ನಿಜವಾಗಿ ಬೇಕಾದುದೇನು?

ಸರಕನ್ನು ತಿಳಿಯದೆ ಮಾರುವವನು ಬೆಲೆಯ ಮೇಲಷ್ಟೇ ಪೈಪೋಟಿ ನಡೆಸಬೇಕಾಗುತ್ತದೆ. ಬಳಕೆಯ ವಿಧಾನವನ್ನು ಬಲ್ಲವನು ವಿಶ್ವಾಸದ ಮೇಲೆ ಮಾರುತ್ತಾನೆ. ಆದ್ದರಿಂದ ಮನೆಯಲ್ಲೇ ಮಾಡಿಕೊಳ್ಳಬಹುದಾದ ಉಗುರಿನ ಆರೈಕೆಯ ಸರಳ ಕ್ರಮವನ್ನು ವರ್ತಕರೂ ಅವರ ಸಿಬ್ಬಂದಿಯೂ ಅರಿತಿರುವುದು ಒಳಿತು.

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದ ನಿರ್ಜೀವ ಪದರ. ಬೆಳವಣಿಗೆಯೆಲ್ಲ ಅದರ ಬುಡದಲ್ಲಿ ಚರ್ಮದೊಳಗೆ ನಡೆಯುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನ ಉಗುರು ಇನ್ನೂ ನಿಧಾನ. ಹೀಗಾಗಿ ಒಮ್ಮೆ ಹಾಳಾದ ಕೈಯುಗುರು ಪೂರ್ಣ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ವಾರದಲ್ಲಿ ಉಗುರನ್ನು ಉದ್ದವಾಗಿಸುತ್ತದೆ ಎಂದು ಸಾರುವ ಯಾವುದೇ ಬಾಟಲಿಯನ್ನು ಈ ಒಂದು ಅಂಕಿಯ ಮುಂದಿಟ್ಟು ನೋಡಿದರೆ ಸಾಕು.

ಕ್ರಮ ಹೀಗಿದೆ. ಮೊದಲು ಹಳೆಯ ಬಣ್ಣವನ್ನು ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಕೆಲವು ಕ್ಷಣ ಉಗುರಿನ ಮೇಲೆ ಒತ್ತಿ ಹಿಡಿದು ತೆಗೆಯಬೇಕು. ಬ್ಲೇಡಿನಿಂದ ಕೆರೆಯಬಾರದು. ಕೈಯುಗುರನ್ನು ಬೆರಳ ತುದಿಯ ಆಕಾರಕ್ಕೆ, ಕಾಲುಗುರನ್ನು ನೇರವಾಗಿ ಕತ್ತರಿಸಬೇಕು. ಅಂಚನ್ನು ಫೈಲಿನಿಂದ ಒಂದೇ ದಿಕ್ಕಿನಲ್ಲಿ ಮೃದುವಾಗಿ ತೀಡಬೇಕು. ಹಿಂದೆಮುಂದೆ ಉಜ್ಜಿದರೆ ಪದರ ಸೀಳುತ್ತದೆ. ಉಗುರಿನ ಬುಡದ ತೆಳುಚರ್ಮವು ರೋಗಾಣುಗಳನ್ನು ತಡೆಯುವ ಬಾಗಿಲಿದ್ದಂತೆ. ಅದನ್ನು ಕತ್ತರಿಸದೆ, ಬೆಚ್ಚಗಿನ ನೀರಿನಲ್ಲಿ ಅಲ್ಪಕಾಲ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಹಿಂದಕ್ಕೆ ಸರಿಸಿದರೆ ಸಾಕು. ನಂತರ ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ತಿಕ್ಕುವುದು ದುಬಾರಿ ಎಣ್ಣೆಗಳಿಗೆ ಉತ್ತಮ ಪರ್ಯಾಯ. ಆದರೆ ಬಣ್ಣ ಹಚ್ಚುವ ಮೊದಲು ಉಗುರಿನ ಮೇಲಿನ ಜಿಡ್ಡನ್ನು ಒರೆಸಬೇಕು. ಇಲ್ಲವಾದರೆ ಬಣ್ಣ ಬೇಗ ಸಿಪ್ಪೆಯೇಳುತ್ತದೆ.

ಬಣ್ಣಕ್ಕೆ ಮೊದಲು ಬೇಸ್ ಕೋಟ್ ಹಚ್ಚಿದರೆ, ಗಾಢ ಕೆಂಪು ಬಣ್ಣದಿಂದ ಉಗುರು ಹಳದಿಯಾಗುವುದು ಕಡಿಮೆಯಾಗುತ್ತದೆ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳುವಾದ ಲೇಪಗಳು ಬೇಗ ಒಣಗಿ ಹೆಚ್ಚು ದಿನ ಬಾಳುತ್ತವೆ. ಪಾತ್ರೆ ತೊಳೆಯುವ ಪುಡಿ ಮತ್ತು ಸದಾ ನೀರಿನ ಕೆಲಸ ಉಗುರನ್ನು ದುರ್ಬಲಗೊಳಿಸುವುದರಿಂದ, ಬಣ್ಣ ಬಾಳಬೇಕೆನ್ನುವ ಗೃಹಿಣಿಗೆ ಟಾಪ್ ಕೋಟ್‌ಗಿಂತ ಮೊದಲು ರಬ್ಬರ್ ಕೈಗವಸನ್ನು ತೋರಿಸುವ ವರ್ತಕನೇ ಜಾಣ. ಉಗುರು ದಪ್ಪವಾಗಿ, ಪುಡಿಪುಡಿಯಾಗಿ, ಬಣ್ಣಗೆಟ್ಟಿದ್ದರೆ ಅದನ್ನು ಪಾಲಿಶ್‌ನಿಂದ ಮುಚ್ಚದೆ ವೈದ್ಯರಿಗೆ ತೋರಿಸುವಂತೆ ಹೇಳಬೇಕು. ಮಧುಮೇಹಿಗಳ ಕಾಲುಗುರಿನ ವಿಷಯದಲ್ಲಂತೂ ಈ ಎಚ್ಚರಿಕೆ ಅತ್ಯವಶ್ಯ. ಹಾಗೆ ಹೇಳಿದ್ದರಿಂದ ಅಂದಿನ ಒಂದು ಬಾಟಲಿಯ ಮಾರಾಟ ತಪ್ಪಬಹುದು, ಆದರೆ ಆ ಗ್ರಾಹಕರು ಮತ್ತೆ ಅದೇ ಅಂಗಡಿಗೆ ಬರುತ್ತಾರೆ.

ಇಷ್ಟಕ್ಕೆ ಬೇಕಾಗುವ ಸಾಮಗ್ರಿಗಳೆಂದರೆ ನೇಲ್ ಕಟರ್, ಫೈಲು, ರಿಮೂವರ್, ಹತ್ತಿ, ಬೇಸ್ ಕೋಟ್ ಮತ್ತು ಒಂದು ಬಣ್ಣ. ಇದರಲ್ಲಿ ಬಣ್ಣದ ಹೊರತು ಉಳಿದ ಐದೂ ಫ್ಯಾಷನ್ನಿನೊಂದಿಗೆ ಬದಲಾಗದ ಸರಕುಗಳು. ಆದರೂ ಬಹುತೇಕ ಅಂಗಡಿಗಳಲ್ಲಿ ನಲವತ್ತು ಬಣ್ಣಗಳು ದೊರೆಯುತ್ತವೆ, ಒಳ್ಳೆಯ ಫೈಲು ದೊರೆಯುವುದಿಲ್ಲ.

ನೂರು ಬಾಟಲಿಗಳ ಲೆಕ್ಕ

ಉದಾಹರಣೆಗೆ, ಗರಿಷ್ಠ ಮಾರಾಟ ಬೆಲೆ 60 ರೂಪಾಯಿಯ ನೇಲ್ ಪಾಲಿಶ್ ಬಾಟಲಿಯನ್ನು ವರ್ತಕರೊಬ್ಬರು ತೆರಿಗೆ ಸೇರಿ 48 ರೂಪಾಯಿಗೆ ಖರೀದಿಸುತ್ತಾರೆ ಎಂದಿಟ್ಟುಕೊಳ್ಳೋಣ. ಮಾರಾಟ ಬೆಲೆಯ ಮೇಲೆ ಶೇ. 20ರಷ್ಟು ಅಂತರ. ನೂರು ಬಾಟಲಿಗೆ ಹೂಡಿದ ಹಣ 4,800 ರೂಪಾಯಿ. ಎಲ್ಲವೂ ಮಾರಾಟವಾದರೆ ಬರುವುದು 6,000 ರೂಪಾಯಿ, ಒಟ್ಟು ಲಾಭ 1,200 ರೂಪಾಯಿ. ಇದು ಕಾಗದದ ಮೇಲಿನ ಲೆಕ್ಕ.

ವಾಸ್ತವದಲ್ಲಿ ಎಲ್ಲ ಬಣ್ಣಗಳೂ ಸಮನಾಗಿ ಮಾರಾಟವಾಗುವುದಿಲ್ಲ. ಕೆಂಪು, ಮರೂನ್, ಗುಲಾಬಿಗಳು ಹೋಗುತ್ತವೆ, ಹಸಿರು, ಕಪ್ಪು, ಮಿನುಗಿನ ಬಣ್ಣಗಳು ಉಳಿಯುತ್ತವೆ. ನೂರರಲ್ಲಿ 15 ಬಾಟಲಿಗಳು ಉಳಿದು ಗಟ್ಟಿಯಾದವೆನ್ನೋಣ. 85 ಬಾಟಲಿಗಳ ಮಾರಾಟ 5,100 ರೂಪಾಯಿ. ಅದರಲ್ಲಿ 4,800 ಕಳೆದರೆ ಲಾಭ ಕೇವಲ 300 ರೂಪಾಯಿ. ಅಂದರೆ ಸರಕಿನ ಶೇ. 15 ಭಾಗ ಕೆಟ್ಟಾಗ ಲಾಭದ ಶೇ. 75 ಭಾಗ ಹೋಯಿತು. 20 ಬಾಟಲಿ ಉಳಿದರೆ ಲಾಭ ಸೊನ್ನೆ. ಎಂಬತ್ತನೆಯ ಬಾಟಲಿ ಮಾರಾಟವಾಗುವವರೆಗೆ ವರ್ತಕರು ತಮ್ಮ ಬಂಡವಾಳವನ್ನೇ ಹಿಂಪಡೆಯುತ್ತಿರುತ್ತಾರೆ. ಅವರ ದುಡಿಮೆಯ ಫಲವಿರುವುದು ಕೊನೆಯ ಇಪ್ಪತ್ತು ಬಾಟಲಿಗಳಲ್ಲಿ ಮಾತ್ರ. ಅಂಗಡಿ ಬಾಡಿಗೆ, ದೀಪದ ಬಿಲ್ಲು, ಸಹಾಯಕರ ಸಂಬಳಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇದೇ 15 ಬಾಟಲಿಗಳನ್ನು ಗಟ್ಟಿಯಾಗುವ ಮೊದಲೇ ಅರ್ಧ ಬೆಲೆಗೆ, ಅಂದರೆ 30 ರೂಪಾಯಿಯಂತೆ ಮಾರಿದ್ದರೆ 450 ರೂಪಾಯಿ ಬರುತ್ತಿತ್ತು, ಲಾಭ 300ರಿಂದ 750ಕ್ಕೆ ಏರುತ್ತಿತ್ತು. "ಕೊಂಡ ಬೆಲೆಗಿಂತ ಕಡಿಮೆಗೆ ಮಾರುವುದು ಹೇಗೆ?" ಎಂಬ ಹಿಂಜರಿಕೆ ಅನೇಕ ವರ್ತಕರಲ್ಲಿದೆ. ಮಾರಾಟವಾಗದ ಬಾಟಲಿಯ ಬೆಲೆ 48 ರೂಪಾಯಿಯೂ ಅಲ್ಲ, 30 ರೂಪಾಯಿಯೂ ಅಲ್ಲ, ಸೊನ್ನೆ ಎಂಬುದನ್ನು ಅವರು ಮನಗಾಣಬೇಕು. ಲೆಕ್ಕಪತ್ರ ಮಾನಕಗಳೂ ಇದನ್ನೇ ವಿಧಿಸುತ್ತವೆ: ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಾಟದಿಂದ ನಿವ್ವಳವಾಗಿ ಬರಬಹುದಾದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಮೌಲ್ಯದಲ್ಲಿ ತೋರಿಸಬೇಕು. ಒಣಗಿದ ಬಾಟಲಿಗಳನ್ನು ವರ್ಷವರ್ಷವೂ ಕೊಂಡ ಬೆಲೆಯಲ್ಲೇ ದಾಸ್ತಾನು ಪಟ್ಟಿಯಲ್ಲಿ ಬರೆಯುತ್ತ ಹೋಗುವವರು ಇಲ್ಲದ ಲಾಭಕ್ಕೆ ಆದಾಯ ತೆರಿಗೆಯನ್ನೂ ಕಟ್ಟುತ್ತಾರೆ.

ತೆರಿಗೆಯ ಮೂರು ತೊಡಕುಗಳು

ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ 2017ರ ಜುಲೈ 1ರಂದು ಸೌಂದರ್ಯವರ್ಧಕಗಳ ಮೇಲಿನ ದರ ಶೇ. 28 ಇತ್ತು. ಅದೇ ವರ್ಷ ನವೆಂಬರ್ 15ರಿಂದ ಅದು ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಟಾಲ್ಕಂ ಪೌಡರು, ಫೇಸ್ ಪೌಡರು, ಶಾಂಪೂ, ತಲೆಗೂದಲಿನ ಎಣ್ಣೆ, ಬಾರ್ ರೂಪದ ಸ್ನಾನದ ಸಾಬೂನುಗಳು ಶೇ. 5ರ ದರಕ್ಕೆ ಬಂದವು. ನೇಲ್ ಪಾಲಿಶ್ ಹಾಗೂ ಲಿಪ್‌ಸ್ಟಿಕ್‌ಗಳು ಶೇ. 18ರಲ್ಲಿಯೇ ಉಳಿದವು. ಕುಂಕುಮ, ಬಿಂದಿ, ಸಿಂಧೂರ, ಗಾಜಿನ ಬಳೆಗಳಿಗೆ ತೆರಿಗೆಯಿಲ್ಲ. ಹೀಗೆ ಒಂದೇ ಕಪಾಟಿನಲ್ಲಿ ಮೂರು ದರಗಳ ಸರಕುಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಇದೇ ಪರಿಷ್ಕರಣೆಯಲ್ಲಿ ಬ್ಯೂಟಿ ಪಾರ್ಲರ್ ಸೇವೆಗಳ ಮೇಲಿನ ತೆರಿಗೆಯೂ, ಹೂಡುವಳಿ ತೆರಿಗೆಯ ಜಮೆಯ ಸೌಲಭ್ಯವಿಲ್ಲದೆ, ಶೇ. 5ಕ್ಕೆ ಇಳಿದಿದೆ. ಪಾರ್ಲರಿನಲ್ಲಿ ಉಗುರಿಗೆ ಬಣ್ಣ ಹಾಕಿಸಿಕೊಂಡರೆ ಶೇ. 5, ಮನೆಯಲ್ಲೇ ಹಚ್ಚಿಕೊಳ್ಳಲು ಬಾಟಲಿ ಕೊಂಡರೆ ಶೇ. 18 ಎಂಬ ಈ ವೈಚಿತ್ರ್ಯವು ವಾಣಿಜ್ಯ ಸಂಸ್ಥೆಗಳ ಮನವಿಪತ್ರಗಳಲ್ಲಿ ಸ್ಥಾನ ಪಡೆಯಲು ಯೋಗ್ಯವಾಗಿದೆ.

ಮೊದಲ ತೊಡಕು ಗಿಫ್ಟ್ ಸೆಟ್ಟುಗಳದ್ದು. ಗೌರಿ ಹಬ್ಬದ ಸಮಯದಲ್ಲಿ ಸಿದ್ಧ ಬಾಗಿನದ ಸೆಟ್ಟುಗಳ ಮಾರಾಟ ಹೆಚ್ಚುತ್ತದೆ. ಕುಂಕುಮ ಬಳೆಗಳ ಜೊತೆಗೆ ಪೌಡರು, ನೇಲ್ ಪಾಲಿಶ್‌ಗಳನ್ನೂ ಸೇರಿಸಿ ಒಂದೇ ಬೆಲೆ ನಿಗದಿಪಡಿಸುವುದು ರೂಢಿಯಾಗುತ್ತಿದೆ. ಸ್ವಾಭಾವಿಕವಾಗಿ ಒಟ್ಟಿಗೆ ಹೋಗದ ಸರಕುಗಳನ್ನು ಒಂದೇ ಬೆಲೆಗೆ ಮಾರಿದರೆ ಕಾನೂನಿನ ಪ್ರಕಾರ ಅದು ಮಿಶ್ರ ಪೂರೈಕೆ. ಅವುಗಳಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದೇ ಇಡೀ ಸೆಟ್ಟಿಗೆ ಅನ್ವಯ. 200 ರೂಪಾಯಿಯ ಸೆಟ್ಟಿನಲ್ಲಿ ಕುಂಕುಮ ಬಳೆಗಳ ಬೆಲೆ 100, ಪೌಡರು 40, ನೇಲ್ ಪಾಲಿಶ್ 60 ಎಂದುಕೊಂಡರೆ, ಪ್ರತ್ಯೇಕವಾಗಿ ಬಿಲ್ಲು ಮಾಡಿದಾಗ ಅದರೊಳಗಿನ ತೆರಿಗೆ ಸುಮಾರು 11 ರೂಪಾಯಿ. ಒಂದೇ ಬೆಲೆಗೆ ಮಾರಿದರೆ ಸುಮಾರು 30 ರೂಪಾಯಿ 50 ಪೈಸೆ. ವ್ಯತ್ಯಾಸವಾದ 19 ರೂಪಾಯಿಗೂ ಹೆಚ್ಚಿನ ಮೊತ್ತ ವರ್ತಕರ ಜೇಬಿನಿಂದಲೇ ಹೋಗುತ್ತದೆ. ಆದ್ದರಿಂದ ಪ್ರತಿ ಸರಕಿಗೂ ಪ್ರತ್ಯೇಕ ಬೆಲೆ ನಮೂದಿಸಿ ಬಿಲ್ಲು ನೀಡುವುದು ಕ್ಷೇಮ.

ಎರಡನೆಯದು ಕೆಟ್ಟ ಸರಕಿನ ಮೇಲಿನ ತೆರಿಗೆ ಜಮೆ. ಸಾಮಾನ್ಯ ನೋಂದಣಿಯುಳ್ಳ ವರ್ತಕರು ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಜಮೆ ಪಡೆಯುತ್ತಾರೆ. ಆದರೆ ಸರಕು ನಾಶವಾದಾಗ ಅಥವಾ ಪುಸ್ತಕದಿಂದ ವಜಾ ಮಾಡಿದಾಗ ಆ ಸರಕಿನ ಮೇಲಿನ ಜಮೆಯನ್ನು ಹಿಂದಿರುಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಅಂತಹವರಿಗೆ 85 ಬಾಟಲಿಗಳ ಮಾರಾಟದಿಂದ ತೆರಿಗೆ ಕಳೆದು ಉಳಿಯುವ ಲಾಭ ಸುಮಾರು 254 ರೂಪಾಯಿ. ವಜಾ ಮಾಡಿದ 15 ಬಾಟಲಿಗಳ ಜಮೆ ಸುಮಾರು 110 ರೂಪಾಯಿಯನ್ನು ಹಿಂದಿರುಗಿಸಿದ ಮೇಲೆ ಕೈಯಲ್ಲುಳಿಯುವುದು 144 ರೂಪಾಯಿ ಮಾತ್ರ. ಇಲ್ಲಿಯೂ ರಿಯಾಯಿತಿ ಮಾರಾಟವೇ ಮೇಲು. ಮಾರಾಟವಾದ ಸರಕಿನ ಮೇಲಿನ ಜಮೆ ಉಳಿಯುತ್ತದೆ.

ಮೂರನೆಯದು ನೋಂದಣಿಯ ಮಿತಿ. ಕರ್ನಾಟಕದಲ್ಲಿ ಸರಕುಗಳನ್ನಷ್ಟೇ ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಈ ಮಿತಿಯನ್ನು ಲೆಕ್ಕ ಹಾಕುವಾಗ ತೆರಿಗೆಯಿಲ್ಲದ ಬಳೆ, ಕುಂಕುಮಗಳ ಮಾರಾಟವೂ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಯುಪಿಐ ಸ್ವೀಕೃತಿಗಳ ಆಧಾರದ ಮೇಲೆ 2025ರ ಜುಲೈನಲ್ಲಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದುದು ಇನ್ನೂ ಯಾರೂ ಮರೆತಿಲ್ಲ. ಮಿತಿಯ ಸಮೀಪದಲ್ಲಿರುವವರು ರಾಜಿ ತೆರಿಗೆ ಪದ್ಧತಿಯನ್ನು ಪರಿಶೀಲಿಸಬಹುದು. ಒಂದೂವರೆ ಕೋಟಿ ರೂಪಾಯಿ ವಹಿವಾಟಿನವರೆಗೆ ವರ್ತಕರು ಶೇ. 1ರಷ್ಟು ತೆರಿಗೆಯನ್ನು ಕಟ್ಟಿದರೆ ಸಾಕು. ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಜಮೆಯೂ ದೊರೆಯುವುದಿಲ್ಲ. ಮೇಲಿನ ಉದಾಹರಣೆಯ 300 ರೂಪಾಯಿಯಲ್ಲಿ 51 ರೂಪಾಯಿ ತೆರಿಗೆಗೆ ಹೋಗಿ 249 ಉಳಿಯುತ್ತದೆ. ಗಿಫ್ಟ್ ಸೆಟ್ಟಿನ ತೊಡಕೂ ಅವರನ್ನು ಬಾಧಿಸುವುದಿಲ್ಲ.

ಲೇಬಲ್ಲು ಮತ್ತು ಬಿಲ್ಲು

ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. 2020ರ ಡಿಸೆಂಬರಿನಲ್ಲಿ ಇವುಗಳಿಗೆಂದೇ ಪ್ರತ್ಯೇಕ ನಿಯಮಗಳು ಜಾರಿಗೆ ಬಂದಿವೆ. ತಯಾರಕರಿಗೆ ಪರವಾನಗಿ, ಆಮದಿಗೆ ನೋಂದಣಿ ಕಡ್ಡಾಯ. ಚಿಲ್ಲರೆ ಮಾರಾಟಕ್ಕೆ ಈ ಕಾಯಿದೆಯಡಿ ಪರವಾನಗಿ ಬೇಕಿಲ್ಲ. ಆದರೆ ಇದನ್ನು ಹೊಣೆಯಿಲ್ಲವೆಂದು ಭಾವಿಸುವುದು ತಪ್ಪು. ನಕಲಿ, ತಪ್ಪು ಲೇಬಲ್ಲಿನ ಅಥವಾ ಮಾನಕಕ್ಕೆ ಒಳಪಡದ ಸರಕನ್ನು ಮಾರುವುದು ಅಪರಾಧ. ಬಣ್ಣಕ್ಕಾಗಿ ಸೀಸ ಹಾಗೂ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದು ನಿಷಿದ್ಧವಾಗಿದೆ. ಹೆಸರಾಂತ ಬ್ರಾಂಡಿನ ಬಾಟಲಿಯನ್ನೇ ಹೋಲುವ, ಡಜನ್ನಿನ ಲೆಕ್ಕದಲ್ಲಿ ಬಿಲ್ಲಿಲ್ಲದೆ ದೊರೆಯುವ ಸರಕಿನಲ್ಲಿ ಏನಿದೆ ಎಂಬುದನ್ನು ಹೇಳುವವರು ಯಾರೂ ಇಲ್ಲ.

ಮಾರಾಟಗಾರರಿಗೆ ಕಾನೂನು ಒಂದು ರಕ್ಷಣೆಯನ್ನು ನೀಡಿದೆ. ಸರಕನ್ನು ಅಧಿಕೃತ ತಯಾರಕ ಅಥವಾ ವಿತರಕರಿಂದ ಪಡೆದುದು, ದೋಷ ತಮ್ಮ ಅರಿವಿಗೆ ಬಂದಿರಲಿಲ್ಲವೆಂಬುದು ಮತ್ತು ಸರಿಯಾಗಿ ಸಂಗ್ರಹಿಸಿಟ್ಟುದು, ಇಷ್ಟನ್ನು ಸಾಬೀತುಪಡಿಸಿದರೆ ಅವರು ಹೊಣೆಯಿಂದ ಮುಕ್ತರಾಗಬಹುದು. ಇದನ್ನು ಸಾಬೀತುಪಡಿಸಲು ಬೇಕಾದ ಮುಖ್ಯ ದಾಖಲೆ ಖರೀದಿಯ ಬಿಲ್ಲು. ಬಿಲ್ಲಿಲ್ಲದೆ ಡಜನ್ನಿಗೆ ನಲವತ್ತೈವತ್ತು ರೂಪಾಯಿ ಉಳಿಸಿದವರು ಈ ರಕ್ಷಣೆಯನ್ನು ಅದೇ ನಲವತ್ತೈವತ್ತು ರೂಪಾಯಿಗೆ ಮಾರಿಕೊಂಡಂತೆಯೇ ಸರಿ.

ಖರೀದಿಸುವಾಗ ನೋಡಬೇಕಾದ ಅಂಶಗಳು ಕೆಲವೇ: ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ. ಆಮದು ಸರಕಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ. ಅತಿ ಚಿಕ್ಕ ಪೊಟ್ಟಣಗಳಿಗೆ ಕೆಲವು ವಿನಾಯಿತಿಗಳಿವೆ. ಆದರೆ ತಯಾರಕರ ಹೆಸರೇ ಇಲ್ಲದ ಬಾಟಲಿಗೆ ಯಾವ ವಿನಾಯಿತಿಯೂ ಇಲ್ಲ. ವಿದೇಶಿ ಬೆಳವಣಿಗೆಗಳ ಮೇಲೂ ಕಣ್ಣಿಡುವುದು ಒಳ್ಳೆಯದು. ಜೆಲ್ ಪಾಲಿಶ್‌ಗಳಲ್ಲಿ ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅಲ್ಲಿ ಮಾರಲಾಗದ ಸರಕು ಅಗ್ಗದ ಬೆಲೆಯಲ್ಲಿ ಬೇರೆಡೆಗೆ ಹರಿಯಬಹುದಾದ್ದರಿಂದ, ಅಸಹಜವಾಗಿ ಕಡಿಮೆ ಬೆಲೆಗೆ ಬರುವ ಜೆಲ್ ಸೆಟ್ಟುಗಳ ಬಗ್ಗೆ ಎಚ್ಚರ ವಹಿಸಬೇಕು.

ದೀಪದ ಪಕ್ಕದ ಬಾಟಲಿಗಳು

ನೇಲ್ ಪಾಲಿಶ್‌ನಲ್ಲಿ ಪದರವನ್ನು ರೂಪಿಸುವುದು ನೈಟ್ರೋಸೆಲ್ಯುಲೋಸ್. ಅದನ್ನು ದ್ರವರೂಪದಲ್ಲಿಡುವುದು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂತಹ ಬೇಗ ಆವಿಯಾಗುವ ದ್ರಾವಕಗಳು. ರಿಮೂವರ್‌ನಲ್ಲಿ ಬಹುಮಟ್ಟಿಗೆ ಅಸಿಟೋನ್ ಇರುತ್ತದೆ. ಇವೆಲ್ಲವೂ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುಗಳು. ಬಹಳಷ್ಟು ಅಂಗಡಿಗಳಲ್ಲಿ ದೇವರ ಪಟ, ದೀಪ, ಊದುಬತ್ತಿಗಳ ಸ್ಥಾನ ಇದೇ ಕಪಾಟಿನ ಮೇಲ್ಭಾಗ. ಸಂಜೆ ದೀಪ ಹಚ್ಚುವ ಪದ್ಧತಿಯನ್ನು ಬಿಡಬೇಕಾಗಿಲ್ಲ, ರಿಮೂವರಿನ ಪೆಟ್ಟಿಗೆಯನ್ನು ಅಲ್ಲಿಂದ ಬೇರೆಡೆಗೆ ಸರಿಸಿದರೆ ಸಾಕು. ಅಗ್ನಿ ವಿಮೆ ಪಡೆಯುವಾಗಲೂ ದಾಸ್ತಾನಿನಲ್ಲಿ ಇಂತಹ ಸರಕಿದೆ ಎಂಬುದನ್ನು ಪ್ರಸ್ತಾವನೆಯಲ್ಲಿ ತಿಳಿಸಿರಬೇಕು. ಇಲ್ಲವಾದರೆ ಪರಿಹಾರದ ಸಮಯದಲ್ಲಿ ತಕರಾರು ಬರಬಹುದು.

ದ್ರಾವಕ ಆವಿಯಾಗುವುದೇ ಬಾಟಲಿ ಗಟ್ಟಿಯಾಗಲು ಕಾರಣ. ಬಿಸಿಲು ಬೀಳುವ ಮುಂಗಾಜಿನಲ್ಲಿ ಸಾಲಾಗಿ ಜೋಡಿಸಿದ ಬಾಟಲಿಗಳು ನೋಡಲು ಚೆಂದ, ಆದರೆ ಅವುಗಳ ಆಯುಸ್ಸು ಅಲ್ಲಿಯೇ ಕಳೆಯುತ್ತದೆ. ಪ್ರದರ್ಶನಕ್ಕೆ ಬಣ್ಣಕ್ಕೊಂದು ಬಾಟಲಿ ಸಾಕು, ಉಳಿದವು ತಂಪಾದ, ನೆರಳಿನ ಡ್ರಾಯರಿನಲ್ಲಿರಲಿ. ಗ್ರಾಹಕರ ಮನೆಯಲ್ಲಿಯೂ ಇದೇ ನಿಯಮ. ಬಾಟಲಿಯ ಕಂಠವನ್ನು ಒರೆಸಿ ಬಿರಡೆಯನ್ನು ಬಿಗಿಯಾಗಿ ಮುಚ್ಚಬೇಕು. ಗಟ್ಟಿಯಾದ ಬಣ್ಣಕ್ಕೆ ರಿಮೂವರ್ ಬೆರೆಸುವ ಅಭ್ಯಾಸ ಸರಿಯಲ್ಲ, ಅದರಿಂದ ಪದರ ಕೆಡುತ್ತದೆ. ಅದಕ್ಕೆಂದೇ ದೊರೆಯುವ ಥಿನ್ನರ್‌ನ ಒಂದೆರಡು ಹನಿ ಸಾಕು. ಮಕ್ಕಳಿರುವ ಮನೆಯಲ್ಲಿ ಇವೆಲ್ಲವನ್ನೂ ಕೈಗೆಟುಕದಂತೆ ಇಡಬೇಕು.

ಗಾತ್ರದ ಆಯ್ಕೆಗೂ ಇದೇ ಸೂತ್ರ ಅನ್ವಯಿಸುತ್ತದೆ. 6 ಮಿಲಿಲೀಟರಿನ ಬಾಟಲಿ 60 ರೂಪಾಯಿ, 9 ಮಿಲಿಲೀಟರಿನದು 72 ರೂಪಾಯಿ ಎಂದಾದರೆ, ಲೆಕ್ಕದಲ್ಲಿ ಮಿಲಿಲೀಟರಿಗೆ ಕ್ರಮವಾಗಿ 10 ಮತ್ತು 8 ರೂಪಾಯಿ. ದೊಡ್ಡದು ಅಗ್ಗವೆಂದು ತೋರುತ್ತದೆ. ಆದರೆ ಹಬ್ಬ ಮದುವೆಗಳಿಗಷ್ಟೇ ಬಣ್ಣ ಹಚ್ಚುವವರ ಮನೆಯಲ್ಲಿ ಕೊನೆಯ ಮೂರು ಮಿಲಿಲೀಟರು ಒಣಗಿ ಹೋದರೆ, ಬಳಸಿದ ಆರಕ್ಕೆ 72 ರೂಪಾಯಿ ಕೊಟ್ಟಂತಾಯಿತು. ಅವರಿಗೆ ಚಿಕ್ಕ ಬಾಟಲಿಯೇ ಅಗ್ಗ.

ಉಪಸಂಹಾರ

ಆನ್‌ಲೈನ್ ಮಾರಾಟ ಸಂಸ್ಥೆಗಳ ಪೈಪೋಟಿ ಇಂದು ಪ್ರತಿ ಅಂಗಡಿಯ ಬಾಗಿಲಿಗೂ ಬಂದಿದೆ. 2012ರಲ್ಲಿ ಆರಂಭವಾದ ನೈಕಾ 2021ರ ನವೆಂಬರಿನಲ್ಲಿ ಷೇರು ವಿನಿಮಯ ಕೇಂದ್ರಗಳಲ್ಲಿ ನೋಂದಾಯಿತವಾಗುವಷ್ಟು ಬೆಳೆಯಿತು. ನೂರಾರು ಬಣ್ಣಗಳನ್ನು ತೋರಿಸುವ ವಿಷಯದಲ್ಲಿ ಬಳೆ ಅಂಗಡಿಯು ಅವರೊಂದಿಗೆ ಸ್ಪರ್ಧಿಸಲಾಗದು, ಸ್ಪರ್ಧಿಸುವ ಅಗತ್ಯವೂ ಇಲ್ಲ. ಸೀರೆಯ ತುಂಡನ್ನು ತಂದು ಅದಕ್ಕೊಪ್ಪುವ ಬಣ್ಣವನ್ನು ಹಗಲ ಬೆಳಕಿನಲ್ಲಿ ಹೊಂದಿಸಿ ನೋಡುವ ಅನುಕೂಲ, ನಾಳೆಯ ಮದುವೆಗೆ ಇಂದೇ ಬೇಕೆನ್ನುವವರಿಗೆ ಕೈಯಲ್ಲೇ ದೊರೆಯುವ ಸರಕು, "ಈ ಬಣ್ಣ ಬೇಗ ಏಳುತ್ತದೆ, ಇದನ್ನು ಕೊಳ್ಳಬೇಡಿ ಅಕ್ಕ" ಎನ್ನುವ ಪ್ರಾಮಾಣಿಕ ಮಾತು, ಇವೇ ಆ ಅಂಗಡಿಯ ಬಂಡವಾಳ.

ಹನ್ನೆರಡು ಬಣ್ಣಗಳಿಗೆ ಮಿತಿ, ಪ್ರತಿ ಖರೀದಿಗೂ ಬಿಲ್ಲು, ಮೂರು ತಿಂಗಳಿಗೊಮ್ಮೆ ದಾಸ್ತಾನು ಪರಿಶೀಲನೆ, ಆರು ತಿಂಗಳು ಅಲುಗಾಡದ ಬಾಟಲಿಗೆ ರಿಯಾಯಿತಿ: ಈ ನಾಲ್ಕು ಕ್ರಮಗಳಿಗೆ ಹೊಸ ಬಂಡವಾಳ ಬೇಕಿಲ್ಲ, ಒಂದು ನೋಟ್ ಪುಸ್ತಕ ಮತ್ತು ತಿಂಗಳಿಗೆ ಅರ್ಧ ದಿನದ ಬಿಡುವು ಸಾಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಪ್ರಸಂಗ ಬರಬಾರದೆಂದರೆ, ಚಿಕ್ಕ ನಷ್ಟವನ್ನು ಚಿಕ್ಕದಾಗಿದ್ದಾಗಲೇ ಎಣಿಸುವ ಅಭ್ಯಾಸವನ್ನು ವರ್ತಕರು ರೂಢಿಸಿಕೊಳ್ಳಬೇಕು. ನೂರು ಬಾಟಲಿಗಳಲ್ಲಿ ಅವರ ಮನೆಯ ಖರ್ಚಿಗೆ ಒದಗುವುದು ಕೊನೆಯ ಇಪ್ಪತ್ತೇ ಎಂಬುದನ್ನು ಮುಂದಿನ ಸಗಟು ಖರೀದಿಗೆ ಹೊರಡುವ ಮೊದಲು ನೆನಪಿಸಿಕೊಂಡರೆ ಒಳಿತು.